ಹೊಗೆ ಮತ್ತು ಬಯಲು: ಹೊಗೆಗಂಪಿನ ಪರ್ಫ್ಯೂಮ್‌ಗಳ ವಿಮರ್ಶೆ

ಹೂವು, ಹಣ್ಣು, ಬೇರು, ಶ್ರೀಗಂಧದ ಚಕ್ಕೆ ಇವುಗಳ ಪರಿಮಳವನ್ನು ಸೀಸೆಗೆ ಇಳಿಸುವ ವಿದ್ಯೆ ಬಹಳ ಹಳೆಯದು. ಹೊರಗೆ ಬಯಲಿನಲ್ಲಿ ಉರಿದ ಬೆಂಕಿಯ ಹೊಗೆ ಗಾಳಿಯೊಡನೆ ತೇಲಿಬಂದು ಮೂಗಿಗೆ ತಾಕಿದಾಗ ಏಳುವ ಹಳೆಯ ದಿನಗಳ ಹಂಬಲವನ್ನು ಮೈಗೆ ಹಚ್ಚುವ ಪರ್ಫ್ಯೂಮಿನಲ್ಲಿ ಮರಳಿ ಪಡೆಯಬೇಕೆಂಬ ಬಯಕೆಯಾದರೋ ಕಳೆದ ಎರಡು ಮೂರು ದಶಕಗಳಲ್ಲಷ್ಟೇ ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದಿದೆ. ಅಗ್ಗಿಷ್ಟಿಕೆ, ಸುಟ್ಟ ತರಗೆಲೆ, ದೇಗುಲದ ಧೂಪ, ಕಾಡಿನ ಬೂದಿ ಎಂದು ನಾನಾ ಹೆಸರುಗಳಲ್ಲಿ ಪ್ಯಾರಿಸ್, ನ್ಯೂಯಾರ್ಕ್ ಮೊದಲಾದ ನಗರಗಳ ಸುಗಂಧ ಸಂಸ್ಥೆಗಳು ಹೊರತಂದಿರುವ ಈ ರಚನೆಗಳು ಎಷ್ಟರಮಟ್ಟಿಗೆ ಹೊಗೆಯ ನೆನಪನ್ನು ಉಳಿಸಿಕೊಟ್ಟಿವೆ ಎಂದು ಪರಿಶೀಲಿಸಿದರೆ, ಅವುಗಳಲ್ಲಿ ಹೆಚ್ಚಿನವು ಹೊಗೆಯನ್ನು ತಂದಿವೆ, ಬಯಲನ್ನು ತಂದಿಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಹೊರಗಿನ ಹೊಗೆ ಎಂದರೆ ಉರಿಯುವ ವಸ್ತು, ಅದಕ್ಕೂ ಮೂಗಿಗೂ ನಡುವಿನ ದೂರ, ಆ ದೂರವನ್ನು ತುಂಬಿದ ತಂಪು ಗಾಳಿ, ಗಾಳಿ ತಿರುಗಿದಂತೆಲ್ಲ ಬಂದು ಹೋಗುವ ಘಾಟು ಇವೆಲ್ಲ ಕೂಡಿದ ಒಂದು ಸನ್ನಿವೇಶ. ಇವುಗಳಲ್ಲಿ ಒಂದನ್ನಷ್ಟೇ ಹಿಡಿದು ಉಳಿದವನ್ನು ಕೈಬಿಟ್ಟ ಪರ್ಫ್ಯೂಮು ಎಷ್ಟೇ ಕುಶಲವಾಗಿದ್ದರೂ ನೆನಪಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ವಾಸನೆಗೂ ನೆನಪಿಗೂ ಇರುವ ಸಂಬಂಧವನ್ನು ಕವಿಗಳು ಮಾತ್ರವಲ್ಲದೆ ಮನೋವಿಜ್ಞಾನಿಗಳೂ ಗಂಭೀರವಾಗಿ ಶೋಧಿಸಿದ್ದಾರೆ. ನೋಟ ಮತ್ತು ಶಬ್ದದ ಸಂಕೇತಗಳು ಥಲಾಮಸ್ ಎಂಬ ಮಿದುಳಿನ ನಡುಭಾಗದ ಕೇಂದ್ರವನ್ನು ಹಾದು ಮುಂದೆ ಸಾಗಿದರೆ, ಮೂಗಿನಿಂದ ಹೊರಟ ಸಂಕೇತಗಳು ಆ ನಿಲ್ದಾಣಕ್ಕೆ ಕಾಯದೆ, ಭಾವನೆಯನ್ನು ನಿರ್ವಹಿಸುವ ಅಮಿಗ್ಡಲಾ ಮತ್ತು ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗಗಳಿಗೆ ತೀರ ಹತ್ತಿರದ ಹಾದಿಯಲ್ಲಿ ಹೋಗುತ್ತವೆ. ವಾಸನೆಯಿಂದ ಎಚ್ಚೆತ್ತ ನೆನಪು ಚಿತ್ರದಿಂದಲೋ ಮಾತಿನಿಂದಲೋ ಎಚ್ಚೆತ್ತ ನೆನಪಿಗಿಂತ ಹೆಚ್ಚು ಭಾವತೀವ್ರವಾಗಿರುತ್ತದೆಂದು ಅಮೆರಿಕದ ಮನೋವಿಜ್ಞಾನಿ ರೇಚಲ್ ಹರ್ಟ್ಜ್ ಅವರ ಪ್ರಯೋಗಗಳು ತೋರಿಸಿವೆ. ಇದರಿಂದ ವಿಮರ್ಶೆಗೆ ಒದಗುವ ಸೂಚನೆ ಮುಖ್ಯವಾದದ್ದು. ಹಂಬಲವನ್ನು ಎಬ್ಬಿಸುವ ಶಕ್ತಿ ವಾಸನೆಯ ಚೆಲುವಿನಲ್ಲಿಲ್ಲ, ಅದರ ನಿಖರತೆಯಲ್ಲಿದೆ. ನೆನಪಿನಲ್ಲಿ ಉಳಿದಿರುವುದು ಇಂಥದೇ ಸೌದೆಯ, ಇಂಥದೇ ಋತುವಿನ, ಇಷ್ಟೇ ದೂರದ ಹೊಗೆಯಾದ್ದರಿಂದ, ಸುಮಾರಾಗಿ ಹೊಗೆಯಂತಿರುವ ಸುಗಂಧವೊಂದು ಹಿತವೆನಿಸಬಹುದೇ ಹೊರತು ಹಳೆಯ ದಿನವೊಂದನ್ನು ಎದುರಿಗೆ ನಿಲ್ಲಿಸಲಾರದು.

ಈ ನಿಖರತೆಯ ಬೇರು ರಸಾಯನದಲ್ಲಿದೆ. ಮರವು ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಎಂಬ ಸಕ್ಕರೆಯ ಸರಪಳಿಗಳಿಂದಲೂ, ಅವುಗಳನ್ನು ಬಿಗಿದು ಗಟ್ಟಿಗೊಳಿಸುವ ಲಿಗ್ನಿನ್ ಎಂಬ ದ್ರವ್ಯದಿಂದಲೂ ಆಗಿದೆ. ಶಾಖಕ್ಕೆ ಲಿಗ್ನಿನ್ ಒಡೆದಾಗ ಹುಟ್ಟುವ ಗ್ವಾಯಕಾಲ್ ಮತ್ತು ಸಿರಿಂಗಾಲ್ ಎಂಬ ಎರಡು ಬಗೆಯ ಫೀನಾಲ್‌ಗಳೇ ನಾವು ಹೊಗೆಯ ವಾಸನೆ ಎಂದು ಗುರುತಿಸುವುದರ ಬೆನ್ನೆಲುಬು. ಸಕ್ಕರೆಯ ಸರಪಳಿಗಳು ಒಡೆದಾಗ ಬರುವುದು ಪಾಕ ಕಂದಿದಂಥ ಸಿಹಿ ಛಾಯೆ. ಪೈನ್, ದೇವದಾರು ಮೊದಲಾದ ಸೂಚಿಪರ್ಣ ಮರಗಳ ಹೊಗೆಯಲ್ಲಿ ಗ್ವಾಯಕಾಲಿನ ಬಳಗ ಪ್ರಧಾನವಾಗಿರುತ್ತದೆ, ಅಗಲ ಎಲೆಯ ಮರಗಳ ಹೊಗೆಯಲ್ಲಿ ಎರಡು ಬಳಗಗಳೂ ಕೂಡಿರುತ್ತವೆ, ಹುಲ್ಲಿನ ಜಾತಿಗೆ ಸೇರಿದ ಬತ್ತ, ಕಬ್ಬು, ಬಿದಿರುಗಳ ಲಿಗ್ನಿನ್ ಇವೆರಡರ ಜೊತೆಗೆ ಇನ್ನೊಂದು ಬಗೆಯ, ಹೆಚ್ಚು ಕಟುವಾದ ಸರಳ ಫೀನಾಲ್‌ಗಳನ್ನೂ ಬಿಡುತ್ತದೆ. ಚಳಿದೇಶದ ಪೈನ್ ಬೆಂಕಿಯನ್ನು ನೆನೆಯುವವರಿಗೂ ಹುಲ್ಲು ಸುಟ್ಟ ಗದ್ದೆಯನ್ನು ನೆನೆಯುವವರಿಗೂ ಒಂದೇ ಪರ್ಫ್ಯೂಮು ಸಲ್ಲದಿರುವುದಕ್ಕೆ ರುಚಿಭೇದವಷ್ಟೇ ಕಾರಣವಲ್ಲ, ಎರಡು ಹೊಗೆಗಳ ಘಟಕಗಳೇ ಬೇರೆ.

ಎರಡನೆಯ ತೊಡಕು ಮೂಗಿನದು. ಒಂದೇ ವಾಸನೆ ಎಡೆಬಿಡದೆ ತಾಕುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅದರ ಅರಿವು ಮಂಕಾಗುತ್ತದೆ. ಈ ಒಗ್ಗಿಕೊಳ್ಳುವಿಕೆಯಿಂದಾಗಿ ಅಡುಗೆಮನೆಯಲ್ಲಿ ಇರುವವರಿಗೆ ಅಲ್ಲಿನ ವಾಸನೆ ತಿಳಿಯದೆ ಹೊರಗಿನಿಂದ ಬಂದವರಿಗೆ ಮಾತ್ರ ಥಟ್ಟನೆ ತಿಳಿಯುತ್ತದೆ. ಬಯಲಿನ ಹೊಗೆಗೆ ಈ ಮಿತಿ ಅಷ್ಟಾಗಿ ಇಲ್ಲ, ಏಕೆಂದರೆ ಗಾಳಿ ಅದನ್ನು ಎಳೆಎಳೆಯಾಗಿ ಹರಿದು ತರುತ್ತದೆ. ಒಂದು ಉಸಿರಿನಲ್ಲಿ ಬಂದದ್ದು ಮುಂದಿನ ಉಸಿರಿನಲ್ಲಿ ಇರುವುದಿಲ್ಲ, ಆ ಬಿಡುವಿನಲ್ಲಿ ಮೂಗು ಚೇತರಿಸಿಕೊಂಡು ಮತ್ತೆ ಹೊಸದಾಗಿ ಅಚ್ಚರಿಪಡುತ್ತದೆ. ಚರ್ಮದ ಮೇಲೆ ಹಚ್ಚಿದ ಪರ್ಫ್ಯೂಮಿಗೆ ಈ ಬಿಡುವು ಸುಲಭದಲ್ಲಿ ಒದಗುವುದಿಲ್ಲ. ಮೇಲಾಗಿ ಹೊಗೆಯ ದ್ರವ್ಯಗಳು ಭಾರವಾದವು, ನಿಂಬೆ, ಕಿತ್ತಳೆಯ ಎಣ್ಣೆಗಳಂತೆ ಬೇಗ ಆರಿಹೋಗದೆ ಗಂಟೆಗಟ್ಟಲೆ ಅಂಟಿಕೊಂಡಿರುವಂಥವು. ಬಯಲಿನಲ್ಲಿ ಹಾದುಹೋಗುವ ಹೊಗೆ ಪರ್ಫ್ಯೂಮಿನಲ್ಲಿ ಬೀಡುಬಿಡುತ್ತದೆ. ಈ ಸ್ಥಾವರ ದ್ರವ್ಯಗಳಿಂದ ಜಂಗಮ ಅನುಭವವನ್ನು ಹೇಗೆ ಕಟ್ಟಬೇಕೆಂಬುದೇ ಪರ್ಫ್ಯೂಮರ್, ಅಂದರೆ ಸುಗಂಧವನ್ನು ರಚಿಸುವ ಕಲಾವಿದ, ಎದುರಿಸುವ ನಿಜವಾದ ಸವಾಲು.

ಆತನ ಕೈಯಲ್ಲಿರುವ ದ್ರವ್ಯಗಳು ಹಲವು. ಭೂರ್ಜ ಮರದ ತೊಗಟೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇಳಿಸುವ ಕಪ್ಪು ಟಾರು ಎಣ್ಣೆ ಮೊದಲನೆಯದು. ಇದರಲ್ಲಿ ಸುಟ್ಟ ತೊಗಟೆಯ ಘಾಟೂ ಹದಮಾಡಿದ ತೊಗಲಿನ ವಾಸನೆಯೂ ಒಟ್ಟಿಗಿರುತ್ತವೆ. ಮೆಡಿಟರೇನಿಯನ್ ತೀರದ ಒಂದು ಬಗೆಯ ಜೂನಿಪರ್ ಮರದಿಂದ ಇದೇ ಕ್ರಮದಲ್ಲಿ ಬರುವ ಕೇಡ್ ಎಣ್ಣೆ ಎರಡನೆಯದು. ಇದು ಆರಿದ ಬೆಂಕಿಯ ಕೊಳ್ಳಿಯನ್ನು ಹೋಲುತ್ತದೆ. ದಕ್ಷಿಣ ಅಮೆರಿಕದ ಗ್ರಾನ್ ಚಾಕೊ ಪ್ರದೇಶದ ಗ್ವಾಯಕ್ ಮರದ ಎಣ್ಣೆ ಮೃದುವಾದ, ಗುಲಾಬಿಯ ಛಾಯೆಯುಳ್ಳ ಹೊಗೆಯನ್ನು ಕೊಡುತ್ತದೆ. ಈ ಮರದ ಅಂತರರಾಷ್ಟ್ರೀಯ ವ್ಯಾಪಾರ 2010ರಿಂದ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ಕುರಿತ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಜಾವಾ ದ್ವೀಪದ ಲಾವಂಚದ ಎಣ್ಣೆಯಲ್ಲಿ ಬೇರಿನ ಮಣ್ಣುಗಂಪಿನ ಜೊತೆಗೆ ಸೀದ ಛಾಯೆಯಿದೆ. ಭಾರತದ ನಾಗರಮೋಥಾ, ಎಂದರೆ ಕನ್ನಡದಲ್ಲಿ ಭದ್ರಮುಷ್ಟಿ ಅಥವಾ ಕೊನ್ನಾರಿಗಡ್ಡೆ ಎನಿಸಿಕೊಳ್ಳುವ ಹುಲ್ಲಿನ ಸಂಬಂಧಿಗಳ ಗಡ್ಡೆಯಿಂದ ಬರುವ ಎಣ್ಣೆ, ಮಣ್ಣು, ತೊಗಲು, ಹೊಗೆ ಮೂರನ್ನೂ ಒಟ್ಟಿಗೆ ತರುತ್ತದೆ. ಭೂರ್ಜ ಮತ್ತು ಕೇಡ್ ಟಾರುಗಳ ಕಚ್ಚಾ ರೂಪದಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಇರುವುದರಿಂದ, ಅಂತರರಾಷ್ಟ್ರೀಯ ಸುಗಂಧ ಸಂಘವಾದ ಇಫ್ರಾ ಶುದ್ಧೀಕರಿಸಿದ ಟಾರನ್ನು ಮಾತ್ರ ಒಪ್ಪುತ್ತದೆ, ಸಿದ್ಧವಸ್ತುವಿನಲ್ಲಿ ಆ ಮಾಲಿನ್ಯ ಶತಕೋಟಿಗೆ 1 ಪಾಲನ್ನು ಮೀರಬಾರದೆಂದು ಕಟ್ಟುಪಾಡು ಹಾಕಿದೆ. ಇಂದಿನ ಹೊಗೆಗಂಪು ತೊಳೆದು ಸೋಸಿದ ಹೊಗೆ, ಈ ಕಟ್ಟುಪಾಡು ನ್ಯಾಯವಾದದ್ದೇ. ಆದರೆ ಸೋಸುವಾಗ ಕಳೆದುಹೋದ ಒರಟುತನವನ್ನು ಬೇರೆ ದಾರಿಯಿಂದ ಮರಳಿ ತರುವ ಹೊಣೆ ರಚನೆಕಾರನ ಮೇಲೆ ಬೀಳುತ್ತದೆ.

ಯುರೋಪಿನ ಪರ್ಫ್ಯೂಮಿನೊಳಗೆ ಹೊಗೆ ಮುಖ್ಯವಾಗಿ ಎರಡು ಬಾಗಿಲುಗಳಿಂದ ಬಂದಿದೆ, ಎರಡೂ ಬಯಲಿಗೆ ತೆರೆದವಲ್ಲ. ಒಂದು ತೊಗಲಿನ ಬಾಗಿಲು. ರಷ್ಯಾದಲ್ಲಿ ಪಾದರಕ್ಷೆಯ ತೊಗಲಿಗೆ ಭೂರ್ಜದ ಎಣ್ಣೆ ಉಣಿಸುತ್ತಿದ್ದ ವಾಡಿಕೆಯಿಂದ ಹುಟ್ಟಿದ ವಾಸನೆಯನ್ನು, ಮಾಸ್ಕೋದಲ್ಲಿ ಹುಟ್ಟಿ ಬೆಳೆದ ಅರ್ನೆಸ್ಟ್ ಬೋ 1920ರ ದಶಕದಲ್ಲಿ ಶನೆಲ್ ಸಂಸ್ಥೆಗಾಗಿ ಕ್ಯುರ್ ದ ರುಸ್ಸಿ ಎಂಬ ಸುಗಂಧವಾಗಿ ರೂಪಿಸಿದ. ಅದಕ್ಕೂ ಮೊದಲು 1919ರಲ್ಲಿ ಕಾರೋನ್ ಸಂಸ್ಥೆಯ ಅರ್ನೆಸ್ಟ್ ದಾಲ್ಟ್ರೋಫ್ ತಂಬಾಕು ಮತ್ತು ತೊಗಲನ್ನು ಬೆಸೆದು ತಬಾ ಬ್ಲೋಂ ರಚಿಸಿದ್ದ. ಇನ್ನೊಂದು ಚರ್ಚಿನ ಧೂಪದ ಬಾಗಿಲು. ತೊಗಲಿನ ಹೊಗೆ ಉಡುಪಿಗೆ ಅಂಟಿದ್ದು, ಧೂಪದ ಹೊಗೆ ಕಟ್ಟಡದೊಳಗೆ ತುಂಬಿದ್ದು. ಇಂದಿನ ರಚನೆಗಳಲ್ಲಿ ಹೊಗೆ ಹೊರಗೆ ಕಾಲಿಡಲು ತಡವರಿಸುವುದಕ್ಕೆ ಈ ಪರಂಪರೆಯ ಒತ್ತಡವೂ ಒಂದು ಕಾರಣ.

ಮೊದಲ ಬಾಗಿಲಿನಿಂದ ಬಂದ ಆಧುನಿಕ ಕೃತಿಗಳಲ್ಲಿ ಶ್ರೇಷ್ಠವೆನ್ನಬಹುದಾದದ್ದು ಅನಿಕ್ ಮೆನಾರ್ದೊ ಅವರು ಲೆ ಲಾಬೊ ಸಂಸ್ಥೆಗಾಗಿ 2006ರಲ್ಲಿ ರಚಿಸಿದ ಪ್ಯಾಚುಲಿ 24. ಪಚ್ಚೋಲೆಯ ಹೆಸರು ಹೊತ್ತಿದ್ದರೂ ಇದರ ಜೀವಾಳ ಭೂರ್ಜದ ಟಾರು ಮತ್ತು ವೆನಿಲಾ. ಇದೇ ರಚನೆಕಾರ್ತಿ 1998ರಲ್ಲಿ ಬುಲ್ಗಾರಿ ಬ್ಲ್ಯಾಕ್ ಎಂಬ ಸುಗಂಧದಲ್ಲಿ, ಚೀನಾದ ವುಯಿ ಬೆಟ್ಟಗಳಲ್ಲಿ ಪೈನ್ ಹೊಗೆಯ ಮೇಲೆ ಒಣಗಿಸುವ ಲಾಪ್ಸಾಂಗ್ ಸೂಚಾಂಗ್ ಚಹದ ಕಲ್ಪನೆಯನ್ನು ರಬ್ಬರಿನ ವಾಸನೆಯೊಡನೆ ಬೆಸೆದಿದ್ದರು. ಪ್ಯಾಚುಲಿ 24ರಲ್ಲಿ ಆ ಧೈರ್ಯ ಇನ್ನಷ್ಟು ಬಿಚ್ಚಿಕೊಂಡಿದೆ. ಮೊದಲಿಗೆ ಕೊಳ್ಳಿಯೇ ಹತ್ತಿರ ಬಂದಂತೆ ಟಾರು ಎರಗುತ್ತದೆ, ಹೊತ್ತು ಕಳೆದಂತೆ ವೆನಿಲಾದ ಸಿಹಿ ಅದರ ಅಡಿಯಿಂದ ಮೇಲೇಳುತ್ತದೆ, ಒಂದು ಇನ್ನೊಂದನ್ನು ಸೋಲಿಸದೆ ಕೊನೆಯವರೆಗೂ ಜಗ್ಗಾಟದಲ್ಲಿರುತ್ತವೆ. ಈ ಜಗ್ಗಾಟ ಮೂಗನ್ನು ಒಗ್ಗಿಕೊಳ್ಳಲು ಬಿಡುವುದಿಲ್ಲವಾದ್ದರಿಂದ, ಬಯಲಿನ ಗಾಳಿ ಮಾಡುವ ಕೆಲಸವನ್ನು ಇಲ್ಲಿ ದ್ರವ್ಯಗಳ ವೈರುಧ್ಯವೇ ಮಾಡುತ್ತದೆ ಎನ್ನಬೇಕು. ಆದರೆ ಇದರ ಹೊಗೆ ಒಂದು ವಸ್ತುವಿಗೆ ಅಂಟಿದ ಹೊಗೆ. ಹಳೆಯ ಪುಸ್ತಕ, ತೊಗಲಿನ ಚೀಲ, ಹೊಗೆಹಿಡಿದ ಜಂತೆ ಇವನ್ನು ನೆನಪಿಸುವಷ್ಟು ಇದು ಬೆಂಕಿಯನ್ನೋ ಆಕಾಶವನ್ನೋ ನೆನಪಿಸುವುದಿಲ್ಲ.

ಎರಡನೆಯ ಬಾಗಿಲಿನ ಪ್ರತಿನಿಧಿ ಕೋಮ್ ದೆ ಗಾರ್ಸೋಂ ಸಂಸ್ಥೆ 2002ರಲ್ಲಿ ಹೊರತಂದ ಧೂಪಮಾಲಿಕೆ. ಅವಿನ್ಯೋನ್, ಕ್ಯೋಟೊ, ಜೈಸಲ್ಮೇರ್, ಊರ್ಜಜಾತ್, ಜಗೋರ್ಸ್ಕ್ ಎಂದು ಐದು ಊರುಗಳ ಹೆಸರಿನಲ್ಲಿ ಐದು ಧಾರ್ಮಿಕ ಸಂಪ್ರದಾಯಗಳ ಧೂಪವನ್ನು ಇದು ಚಿತ್ರಿಸುತ್ತದೆ. ಬರ್ಟ್ರಾಂ ದುಶೋಫೂರ್ ರಚಿಸಿದ ಅವಿನ್ಯೋನ್ ಕ್ಯಾಥೊಲಿಕ್ ಚರ್ಚಿನ ಧೂಪವನ್ನು ಕೊಡುತ್ತದೆ. ಅದರ ಹೆಚ್ಚುಗಾರಿಕೆ ಹೊಗೆಯ ಪ್ರಮಾಣದಲ್ಲಿಲ್ಲ, ತಂಪಿನಲ್ಲಿದೆ. ಧೂಪಕ್ಕೆ ಬಳಸುವ ಒಲಿಬಾನಮ್ ಎಂಬ ಮರದಂಟಿನ ಎಣ್ಣೆಯಲ್ಲಿ ಪೈನ್ ಮರದಲ್ಲಿರುವ ಪೈನೀನ್ ಎಂಬ ಹಗುರ ದ್ರವ್ಯವೇ ಹೇರಳವಾಗಿರುವುದರಿಂದ, ಆ ಎಣ್ಣೆಗೆ ಹೊಗೆಯ ಗಾಂಭೀರ್ಯದ ಜೊತೆಗೆ ಎತ್ತರದ ಗಾಳಿಯ ಚುರುಕೂ ಇದೆ. ದುಶೋಫೂರ್ ಈ ಚುರುಕನ್ನು ಮುಂದೊಡ್ಡಿ ಕಲ್ಲಿನ ಗೋಡೆಗಳ ನಡುವಿನ ಎತ್ತರವನ್ನೂ ಖಾಲಿತನವನ್ನೂ ವಾಸನೆಯಿಂದಲೇ ಕಟ್ಟಿದ್ದಾರೆ. ಹೊಗೆಯನ್ನು ದೂರದಲ್ಲಿರಿಸಬೇಕಾದರೆ ಹೊಗೆಯನ್ನು ಕಡಿಮೆ ಮಾಡಿದರೆ ಸಾಲದು, ನಡುವಿನ ಗಾಳಿಯನ್ನು ರಚಿಸಬೇಕು ಎಂಬ ಪಾಠವನ್ನು ಈ ಪ್ರಕಾರಕ್ಕೆ ಕಲಿಸಿದ್ದು ಅವಿನ್ಯೋನ್. ಅದು ಬಯಲಲ್ಲ ಎಂಬುದು ದೋಷವಲ್ಲ, ಬಯಲಾಗಬೇಕೆಂದು ಅದು ಹೊರಟೇ ಇರಲಿಲ್ಲ.

ಜನಪ್ರಿಯತೆಯ ದೃಷ್ಟಿಯಿಂದ ಈ ಪ್ರಕಾರದ ಮುಖವಾಗಿರುವುದು ಮೇಝೋಂ ಮಾರ್ಜೆಲಾ ಸಂಸ್ಥೆಯ ರೆಪ್ಲಿಕಾ ಮಾಲಿಕೆಯ ಬೈ ದ ಫೈರ್‌ಪ್ಲೇಸ್. ಮಾರಿ ಸಾಲಮಾಞ್ 2015ರಲ್ಲಿ ರಚಿಸಿದ ಇದರ ಸೀಸೆಯ ಮೇಲೆ ಆಲ್ಪ್ಸ್ ತಪ್ಪಲಿನ ಶಾಮೋನಿ ಎಂಬ ಊರಿನ ಹೆಸರೂ 1971 ಎಂಬ ವರ್ಷವೂ ಅಚ್ಚಾಗಿವೆ. ಸ್ಥಳ ಮತ್ತು ಕಾಲವನ್ನು ಹೆಸರಿಸಿ ನೆನಪೊಂದನ್ನು ಮಾರುವುದೇ ಆ ಮಾಲಿಕೆಯ ಪರಿಕಲ್ಪನೆ. ಗ್ವಾಯಕ್ ಮರದ ಮೃದು ಹೊಗೆ, ಸುಟ್ಟ ಚೆಸ್ಟ್‌ನಟ್ ಕಾಯಿಯ ಕಂಪು, ಲವಂಗ, ವೆನಿಲಾ ಇವುಗಳ ಹೊಂದಿಕೆ ಮೊದಲ ಕೆಲವು ನಿಮಿಷ ನಿಜಕ್ಕೂ ಮನಸ್ಸನ್ನು ಸೆಳೆಯುತ್ತದೆ. ಅಲ್ಲಿಂದ ಮುಂದೆ ವೆನಿಲಾ ಎಲ್ಲವನ್ನೂ ಆವರಿಸಿ, ಹೊಗೆ ಒಂದು ಸಿಹಿತಿನಿಸಿನ ಮೇಲಿನ ಕಂದುಬಣ್ಣದಷ್ಟಕ್ಕೆ ಇಳಿಯುತ್ತದೆ. ಪ್ಯಾಚುಲಿ 24ರಲ್ಲೂ ವೆನಿಲಾ ಇದೆ. ಆದರೆ ಅಲ್ಲಿ ಅದು ಹೊಗೆಗೆ ಎದುರಾಳಿ, ಇಲ್ಲಿ ಹೊಗೆಯ ಒಡತಿ. ಕಣ್ಣಿಗೆ ನೀರು ತರಿಸುವ, ಗಂಟಲಿಗೆ ತಾಕುವ ಘಾಟಿನ ಅಂಶವನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೆ ಉಳಿಯುವುದು ಬೆಂಕಿಯ ಸುಖ ಮಾತ್ರ, ಬೆಂಕಿಯಲ್ಲ. ಒಳಾಂಗಣದ ಬೆಚ್ಚನೆಯ ಸುಗಂಧವೆಂದು ನೋಡಿದರೆ ಇದು ತನ್ನ ಹೆಸರಿಗೆ ನಿಷ್ಠವಾಗಿದೆಯೆಂದು ಒಪ್ಪಬೇಕು. ಹೊರಗಿನ ಹೊಗೆಯ ನೆನಪನ್ನು ಅರಸುವವರಿಗೆ ಮಾರಾಟಗಾರರು ಮೊದಲು ಕೈಗಿಡುವ ಸೀಸೆ ಹೆಚ್ಚಾಗಿ ಇದೇ ಆಗಿರುವುದು ಮಾತ್ರ ಈ ಪ್ರಕಾರದ ಬೆಳವಣಿಗೆಗೆ ಒಳಿತು ಮಾಡಿಲ್ಲ.

ಇದಕ್ಕೆ ನೇರ ವಿರುದ್ಧ ತುದಿಯಲ್ಲಿರುವುದು ಆಸ್ಟ್ರೇಲಿಯಾದ ಟೊಪ್ಪಿ ವಿನ್ಯಾಸಕಿ ನಯೋಮಿ ಗುಡ್ಸಿರ್ ಅವರ ಹೆಸರಿನ ಸಂಸ್ಥೆಗಾಗಿ ಜೂಲಿಯನ್ ರಾಸ್ಕಿನೆ 2012ರಲ್ಲಿ ರಚಿಸಿದ ಬ್ವಾ ದಸೆಸ್. ತಂಬಾಕು, ವಿಸ್ಕಿ, ಧೂಪ, ಸುಟ್ಟ ಮರ ಇವುಗಳಿಂದ ಕಟ್ಟಿದ ಈ ಸುಗಂಧ ಘಾಟಿನ ವಿಷಯದಲ್ಲಿ ಯಾವ ರಾಜಿಯನ್ನೂ ಮಾಡಿಕೊಂಡಿಲ್ಲ. ಬೆಂಕಿ ಆರಿದ ಮರುದಿನದ ಕರಿಮರ, ಒದ್ದೆ ಬೂದಿ, ಬಟ್ಟೆಯಲ್ಲಿ ಉಳಿದ ಹೊಗೆ ಇವನ್ನು ಇದರಷ್ಟು ನಿಷ್ಠುರವಾಗಿ ತಂದ ರಚನೆಗಳು ವಿರಳ. ಸಿಹಿಯ ಆಸರೆಯಿಲ್ಲದೆ ಹೊಗೆ ತನ್ನ ಕಾಲಮೇಲೆ ತಾನು ನಿಲ್ಲಬಲ್ಲದು ಎಂದು ಇದು ಸಾಧಿಸಿತು. ಇದರ ಕೊರತೆಯೆಂದರೆ ದೂರವಿಲ್ಲದಿರುವುದು. ಹೊಗೆ ಆರಂಭದಿಂದ ಕೊನೆಯವರೆಗೆ ಒಂದೇ ಸಾಂದ್ರತೆಯಲ್ಲಿ ಮುಖಕ್ಕೆ ಕವಿದುಕೊಂಡಿರುವುದರಿಂದ, ಬೆಂಕಿಯ ಪಕ್ಕದಲ್ಲೇ ನಿಂತವನ ಅನುಭವ ಸಿಗುತ್ತದೆಯೇ ವಿನಾ ಸಂಜೆಯ ಹೊತ್ತಿಗೆ ಆಚೆ ದಿಣ್ಣೆಯಿಂದ ಇಳಿದುಬಂದ ಹೊಗೆಯನ್ನು ಕಂಡುಕೊಂಡವನ ಅನುಭವ ಸಿಗುವುದಿಲ್ಲ.

ಉರಿಯುವ ವಸ್ತುವಿನ ನಿಖರತೆಯಲ್ಲಿ ಮುಂದಿರುವುದು ಬ್ರೂಕ್ಲಿನ್‌ನ ಕ್ರಿಸ್ಟೋಫರ್ ಬ್ರೋಸಿಯಸ್ ಅವರ ಬರ್ನಿಂಗ್ ಲೀವ್ಸ್. ಅವರು ಕಟ್ಟಿದ ಸುಗಂಧ ಸಂಸ್ಥೆ, ಪರ್ಫ್ಯೂಮು ಅಲಂಕಾರವಾಗದೆ ನೈಜ ಅನುಭವಗಳ ದಾಖಲೆಯಾಗಬೇಕೆಂಬ ನಿಲುವಿನಿಂದ ಹೊರಟದ್ದು. ಈ ರಚನೆ ಕೊಡುವುದು ಅಮೂರ್ತ ಹೊಗೆಯನ್ನಲ್ಲ, ಶರತ್ಕಾಲದಲ್ಲಿ ಗುಡಿಸಿ ರಾಶಿ ಹಾಕಿದ ಮೇಪಲ್ ಎಲೆಗಳ ಹೊಗೆಯನ್ನು. ಅಮೆರಿಕದ ಅನೇಕ ಊರುಗಳಲ್ಲಿ ಎಲೆ ಸುಡುವುದು ಈಗ ನಿಷಿದ್ಧವಾಗಿರುವುದರಿಂದ, ಒಂದು ತಲೆಮಾರಿಗೆ ಈ ವಾಸನೆ ನಿಜವಾಗಿಯೂ ಕಳೆದುಹೋದ ಕಾಲಕ್ಕೆ ಸೇರಿದ್ದು. ಎಲೆಯ ಹೊಗೆ ಸೌದೆಯ ಹೊಗೆಯಂತೆ ದಪ್ಪವಾಗಿರದೆ ತೆಳುವಾಗಿ, ಒಗರಾಗಿ, ತುಸು ಸಿಹಿಯಾಗಿ ಇರುತ್ತದೆ. ಆ ತೆಳುವನ್ನು ಬ್ರೋಸಿಯಸ್ ಟಾರಿನ ಭಾರಕ್ಕೆ ಒಪ್ಪಿಸದೆ ಕಾಪಾಡಿದ್ದಾರೆ. ಏನು ಉರಿಯುತ್ತಿದೆ ಎಂದು ಮೂಗಿಗೆ ಸ್ಪಷ್ಟವಾಗಿ ತಿಳಿಸುವುದು ಇದರ ದೊಡ್ಡ ಗೆಲುವು. ಆದರೆ ಒಂದೇ ಚಿತ್ರವನ್ನು ನಿಲ್ಲಿಸಿ ತೋರಿಸುವ ಈ ಕ್ರಮದಲ್ಲಿ ಕಾಲದ ನಡೆ ಕಾಣುವುದಿಲ್ಲ. ಎಲೆ ಹೊತ್ತಿಕೊಂಡಾಗಿನ ವಾಸನೆ, ಉರಿದಾಗಿನದು, ಬೂದಿಯಾದಾಗಿನದು ಮೂರೂ ಬೇರೆಯಾಗಿರುವಾಗ ಇಲ್ಲಿ ನಡುವಿನ ಒಂದು ಗಳಿಗೆ ಮಾತ್ರ ಉಳಿದಿದೆ.

ಬಯಲಿನ ಸಮಸ್ಯೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಬಿಡಿಸಿರುವ ಕೃತಿ ಹೊಗೆಯ ಹೆಸರನ್ನೇ ಹೊತ್ತಿಲ್ಲದಿರುವುದು ಗಮನಾರ್ಹ. ಸರ್ಜ್ ಲೂತೆನ್ಸ್ ಸಂಸ್ಥೆಗಾಗಿ ಕ್ರಿಸ್ಟೋಫರ್ ಶೆಲ್ಡ್ರೇಕ್ 2009ರಲ್ಲಿ ರಚಿಸಿದ ಫೀಯ್ ಆನ್ ಎಗ್ವೀಯ್ ಮೇಲ್ನೋಟಕ್ಕೆ ಪೈನ್ ಎಲೆಗಳ ಸುಗಂಧ. ಬಿಸಿಲಿಗೆ ಕಾದ ಸೂಜಿಎಲೆ, ಜಿನುಗುವ ಅಂಟು, ಪಾಕದಲ್ಲಿ ಅದ್ದಿದ ಹಣ್ಣಿನಂಥ ಸಿಹಿ, ಲಾವಂಚದ ಬೇರು, ಇವೆಲ್ಲದರ ಹಿಂದೆ ತೆಳ್ಳಗೆ ಹಬ್ಬಿದ ಧೂಪದ ಹೊಗೆ ಇದರಲ್ಲಿವೆ. ಇಲ್ಲಿ ಮೊದಲು ನೆಲವಿದೆ, ಮರವಿದೆ, ಗಾಳಿಯಿದೆ. ಹೊಗೆ ಇವುಗಳ ನಡುವೆ ಆಗಾಗ ಕಾಣಿಸಿಕೊಂಡು ಮರೆಯಾಗುತ್ತದೆ. ಪೈನಿನ ಹಗುರ ಎಣ್ಣೆಗಳು ಹಿಂದೆ ಸರಿದಂತೆ ಧೂಪ ಮುಂದೆ ಬರುತ್ತದೆ, ಬಟ್ಟೆಯ ಮೇಲೆ ಹಾಕಿದಾಗ ಚಲನೆಯೊಡನೆ ಮತ್ತೆ ಪೈನ್ ಚಿಮ್ಮುತ್ತದೆ. ಮೂಗು ಹೊಗೆಯನ್ನು ಹುಡುಕಿಕೊಳ್ಳಬೇಕಾಗುವುದರಿಂದ, ಹುಡುಕಿ ಕಂಡುಕೊಂಡ ಹೊಗೆ ನೆನಪಿನ ಬಾಗಿಲನ್ನು ತೆರೆಯುತ್ತದೆ. ಇದರ ಸಿಹಿ ಕೆಲವರಿಗೆ ಅತಿಯೆನಿಸಬಹುದು, ಘಾಟೂ ಇನ್ನಷ್ಟಿದ್ದರೆ ಚೆನ್ನಿತ್ತು. ಆದರೂ ಹೊಗೆಗೆ ಸುತ್ತಲಿನ ಲೋಕವನ್ನು ಕೊಟ್ಟರೆ ಅದು ತಾನಾಗಿ ದೂರಕ್ಕೆ ಸರಿದು ನಿಲ್ಲುತ್ತದೆಂಬ ರಚನಾಸೂತ್ರವನ್ನು ಈ ಕೃತಿ ನಿಸ್ಸಂದೇಹವಾಗಿ ಸ್ಥಾಪಿಸಿದೆ.

ಈ ಸೂತ್ರ ಭಾರತಕ್ಕೆ ಹೊಸದಲ್ಲ. ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಜೇಡಿಮಣ್ಣನ್ನು ದೇಗ್ ಎಂಬ ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಆ ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಶ್ರೀಗಂಧದ ಎಣ್ಣೆಯಿರುವ ಭಪ್ಕಾ ಎಂಬ ಪಾತ್ರೆಗೆ ಹಾಯಿಸಿ ತಯಾರಿಸುವ ಮಿಟ್ಟಿ ಅತ್ತರು ಮೊದಲ ಮಳೆಯ ಕಂಪನ್ನು ಕೊಡುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಬೇರ್ ಮತ್ತು ಥಾಮಸ್ ಮಣ್ಣಿನ ಕಂಪನ್ನು ಕುರಿತು ನೇಚರ್ ಪತ್ರಿಕೆಯಲ್ಲಿ ಬರೆದಾಗ ಈ ಅತ್ತರಿನ ಪರಂಪರೆಯನ್ನೂ ಉಲ್ಲೇಖಿಸಿದ್ದರು. ಮಳೆಯನ್ನು ಅನುಕರಿಸದೆ ಮಳೆ ಬೀಳುವ ನೆಲವನ್ನೇ ಕೊಡುವ ಈ ವಿವೇಕ ಹೊಗೆಗಂಪಿಗೂ ಮಾದರಿಯಾಗಬಲ್ಲದು. ಇದೇ ಪರಂಪರೆಯಲ್ಲಿ ಚೋಯಾ ಎಂಬ ಇನ್ನೊಂದು ವಿದ್ಯೆಯೂ ಇದೆ. ಲೋಬಾನ, ರಾಳ, ಸಮುದ್ರದ ಚಿಪ್ಪು ಇವನ್ನು ಮಡಕೆಯಲ್ಲಿ ಒಣಗಾಗಿ ಸುಟ್ಟು ಇಳಿಸಿದ ಈ ಎಣ್ಣೆಗಳಲ್ಲಿ ಹೊಗೆ ತನ್ನ ಪೂರ್ಣ ಒರಟುತನದೊಡನೆ ಉಳಿದಿರುತ್ತದೆ. ಸುಗಂಧದ ಲೋಕ ಈ ದ್ರವ್ಯಗಳಿಗೆ ಇನ್ನೂ ಅವುಗಳ ಯೋಗ್ಯತೆಗೆ ತಕ್ಕ ಗಮನ ಕೊಟ್ಟಿಲ್ಲ.

ಕರ್ನಾಟಕದ ಮಟ್ಟಿಗೆ ಈ ಮಾತು ಇನ್ನೂ ಒತ್ತಿ ಹೇಳಬೇಕಾದದ್ದು. ಶ್ರೀಗಂಧದ ಎಣ್ಣೆಯ ಕಾರ್ಖಾನೆ 1916ರಷ್ಟು ಹಿಂದೆಯೇ ಆರಂಭವಾದ, ಊದುಬತ್ತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಾಡಿದು. ಆದರೆ ಊದುಬತ್ತಿಯಲ್ಲಿ ಹೊಗೆ ಪರಿಮಳವನ್ನು ಹೊತ್ತೊಯ್ಯುವ ವಾಹನ ಮಾತ್ರ. ಸೌದೆಯ, ಸೊಪ್ಪಿನ, ಬೆರಣಿಯ ಹೊಗೆಯನ್ನೇ ಪರಿಮಳವೆಂದು ಆದರಿಸಿದ ರಚನೆ ಇಲ್ಲಿ ಪ್ರಮುಖವಾಗಿ ಬೆಳೆದಿಲ್ಲ. ಮಲೆನಾಡಿನ ಬಚ್ಚಲೊಲೆಯಲ್ಲಿ ಉರಿಯುವ ಅಡಕೆ ಸೋಗೆ, ತೆಂಗಿನ ಸಿಪ್ಪೆಗಳ ಹೊಗೆ, ಕರಾವಳಿಯಲ್ಲಿ ತರಗೆಲೆಯ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಬೇಯಿಸುವ ಸುಡುಮಣ್ಣಿನ ಹೊಗೆ, ಹಿಂಡಿದ ಕಬ್ಬಿನ ಸಿಪ್ಪೆ ಉರಿಯುವ ಆಲೆಮನೆಯ ಹೊಗೆ ಇವು ಮೂರೂ ಭೂರ್ಜ, ಪೈನ್‌ಗಳ ಲೋಕಕ್ಕೆ ಸೇರಿದವಲ್ಲ. ಆಲೆಮನೆಯಲ್ಲಿ ಹುಲ್ಲುಜಾತಿಯ ಕಟು ಹೊಗೆಯೂ ಕೊಪ್ಪರಿಗೆಯಲ್ಲಿ ಕಂದುತ್ತಿರುವ ಪಾಕದ ಸಿಹಿಯೂ ಒಂದೇ ಗಾಳಿಯಲ್ಲಿ ಕೂಡಿರುತ್ತವೆ, ಸುಡುಮಣ್ಣಿನಲ್ಲಿ ಬೆಂದ ಮಣ್ಣು ಮತ್ತು ಎಲೆಯ ಹೊಗೆ ಬೆರೆತಿರುತ್ತವೆ. ವಿದೇಶದಲ್ಲಿ ನೆಲೆಸಿದ ಕನ್ನಡಿಗರು ಊರಿನ ಹೊಗೆಯನ್ನು ಅರಸಿ ಕೊಂಡ ಸೀಸೆಯಲ್ಲಿ ಹಿಮದೇಶದ ಹೊಗೆಯನ್ನೇ ಕಾಣಬೇಕಾಗುವುದಕ್ಕೆ ಕಾರಣ ಇದೇ. ಭದ್ರಮುಷ್ಟಿ, ಲಾವಂಚ, ಚೋಯಾ, ಸುಟ್ಟ ಮಣ್ಣಿನ ಅತ್ತರು, ಪಾಕದ ಛಾಯೆ ಕೊಡುವ ಮಾಲ್ಟಾಲ್ ಎಂಬ ದ್ರವ್ಯ ಎಲ್ಲವೂ ಸುಗಂಧ ತಯಾರಕರ ಕೈಗೆಟಕುವಂತಿರುವಾಗ, ಈ ನಾಡಿನ ಹೊಗೆಯನ್ನು ರಚಿಸಲು ತಡೆಯಾಗಿರುವುದು ದ್ರವ್ಯದ ಕೊರತೆಯಲ್ಲ, ಅದು ರಚನೆಗೆ ತಕ್ಕ ವಸ್ತುವೆಂಬ ನಂಬಿಕೆಯ ಕೊರತೆ.

ಆದರೆ ಹೊಗೆಯ ಹಂಬಲವನ್ನು ಪ್ರಶ್ನಿಸದೆ ಒಪ್ಪುವುದೂ ಸರಿಯಲ್ಲ. ದೂರದಿಂದ ಬಂದ ಹೊಗೆ ಹಿತವಾಗಿ ನೆನಪಿನಲ್ಲಿ ಉಳಿಯುವುದು ಹೊರಗೆ ಆಡುತ್ತಿದ್ದವರಿಗೆ, ದಾರಿಯಲ್ಲಿ ನಡೆಯುತ್ತಿದ್ದವರಿಗೆ, ಕೆಲಸ ಮುಗಿಸಿ ಚಳಿ ಕಾಯಿಸಲು ಕುಳಿತವರಿಗೆ. ಊದುಗೊಳವೆ ಹಿಡಿದು ಹಸಿ ಸೌದೆಯೊಡನೆ ಸೆಣಸುತ್ತ ಕಣ್ಣುರಿಸಿಕೊಂಡ ಹೆಂಗಸರಿಗೆ ಅದೇ ಹೊಗೆ ಕೆಮ್ಮು, ಉಬ್ಬಸ, ಮಸಿ. ಒಲೆಯ ಹೊಗೆ ಶ್ವಾಸಕೋಶದ ಕಾಯಿಲೆಗಳಿಗೆ ಕಾರಣವೆಂಬುದು ಸ್ಥಾಪಿತ ಸತ್ಯ. ಅಡುಗೆ ಅನಿಲವನ್ನು ಬಡ ಮನೆಗಳಿಗೆ ಮುಟ್ಟಿಸಲು 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದದ್ದಕ್ಕೆ ಈ ಸತ್ಯವೇ ಹಿನ್ನೆಲೆ. ಹೀಗಾಗಿ ದೂರವು ಸುಗಂಧದ ಕಲೆಯಲ್ಲಿ ರಚನೆಯ ಪ್ರಶ್ನೆಯಾಗಿರುವಂತೆ ಬದುಕಿನಲ್ಲಿ ಸ್ಥಾನಮಾನದ ಪ್ರಶ್ನೆಯೂ ಆಗಿದೆ. ಘಾಟನ್ನು ಪೂರ್ತಿ ತೆಗೆದುಹಾಕಿದ ಹೊಗೆಗಂಪು ಕಲೆಯಾಗಿ ಬಡವಾಗುವುದಷ್ಟೇ ಅಲ್ಲ, ಬೆಂಕಿಯ ಪಕ್ಕದಲ್ಲಿ ನಿಂತವರ ಪಾಲನ್ನು ನೆನಪಿನಿಂದ ಅಳಿಸಿಹಾಕುತ್ತದೆ. ಸೀಸೆಯೊಳಗಿನ ಹೊಗೆ ಯಾರ ಕಣ್ಣನ್ನೂ ಉರಿಸದೆ ಘಾಟಿನ ಗುರುತನ್ನು ಉಳಿಸಿಕೊಳ್ಳಬಲ್ಲದು. ಆ ಸಾಧ್ಯತೆಯನ್ನು ಬಳಸಿಕೊಳ್ಳುವುದು ರಚನೆಕಾರನ ಪ್ರಾಮಾಣಿಕತೆಗೆ ಬಿಟ್ಟದ್ದು.

ಒಟ್ಟಾರೆ ನೋಡಿದರೆ ಈ ಪ್ರಕಾರದ ಒಂದೊಂದು ಕೃತಿಯೂ ಸಮಸ್ಯೆಯ ಒಂದೊಂದು ಭಾಗವನ್ನು ಬಿಡಿಸಿದೆ. ಬರ್ನಿಂಗ್ ಲೀವ್ಸ್ ಉರಿಯುವ ವಸ್ತುವನ್ನು, ಬ್ವಾ ದಸೆಸ್ ಘಾಟನ್ನು, ಪ್ಯಾಚುಲಿ 24 ಮೂಗನ್ನು ಎಚ್ಚರವಾಗಿಡುವ ವೈರುಧ್ಯವನ್ನು, ಅವಿನ್ಯೋನ್ ತಂಪನ್ನು, ಫೀಯ್ ಆನ್ ಎಗ್ವೀಯ್ ಸುತ್ತಲಿನ ಲೋಕವನ್ನು ಗೆದ್ದುಕೊಂಡಿವೆ. ಬೈ ದ ಫೈರ್‌ಪ್ಲೇಸ್ ಜನಪ್ರೀತಿಯನ್ನು ಗೆದ್ದರೂ ಉಳಿದೆಲ್ಲವನ್ನೂ ಅದಕ್ಕಾಗಿ ಬಿಟ್ಟುಕೊಟ್ಟಿದೆ. ಇವುಗಳಲ್ಲಿ ಒಂದನ್ನೇ ಆಯಬೇಕಾದರೆ ಫೀಯ್ ಆನ್ ಎಗ್ವೀಯ್‌ಗೆ ಮೊದಲ ಮಣೆ ಸಲ್ಲಬೇಕು, ಏಕೆಂದರೆ ಉಳಿದವು ಹೊಗೆಯನ್ನು ಧರಿಸಲು ಕೊಟ್ಟರೆ ಇದು ಹೊಗೆಯನ್ನು ಎದುರುಗೊಳ್ಳಲು ಬಿಡುತ್ತದೆ. ತನ್ನ ನೆನಪಿನ ಹೊಗೆಯನ್ನು ಅರಸುವ ಓದುಗನೂ ಸೀಸೆಯನ್ನು ಮಣಿಕಟ್ಟಿನ ಮೇಲಲ್ಲ, ಹೊದೆಯುವ ಬಟ್ಟೆಯ ಮೇಲೆ ಪರೀಕ್ಷಿಸಿ, ಏನು ಉರಿಯುತ್ತಿದೆ, ಎಷ್ಟು ದೂರದಲ್ಲಿ ಉರಿಯುತ್ತಿದೆ, ಅದರ ಘಾಟು ಉಳಿದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ಮೂರಕ್ಕೂ ಕನ್ನಡ ನೆಲದ ಉತ್ತರ ಹೇಳುವ ಸುಗಂಧ ಇನ್ನು ರಚನೆಯಾಗಬೇಕಾಗಿದೆ, ಅದಕ್ಕೆ ಬೇಕಾದ ದ್ರವ್ಯವೂ ವಿದ್ಯೆಯೂ ಈ ದೇಶದಲ್ಲೇ ಇವೆ.